ಶಕ್ತಿ ಎಲ್ಲಿ, ಸಂವೇಗ ಎಲ್ಲಿ: ಕಲಿತವರ ಮತ್ತು ಕಲಿಸಿದವರ ಅನುಭವಗಳು

ಪ್ರಶ್ನೆ

ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪ್ರಥಮ ಪಿಯುಸಿಯ ವಿಜ್ಞಾನ ವಿಭಾಗದಲ್ಲಿದ್ದಾಳೆ. ನ್ಯೂಟನ್ನನ ನಿಯಮಗಳವರೆಗೆ ಅವಳಿಗೆ ತೊಂದರೆಯಿರಲಿಲ್ಲ. ಕೆಲಸ ಮತ್ತು ಶಕ್ತಿಯ ಅಧ್ಯಾಯ, ಅದರೊಳಗೆ ಬರುವ ಡಿಕ್ಕಿಯ ಲೆಕ್ಕಗಳು, ಬೆನ್ನಿಗೇ ಬರುವ ಭ್ರಮಣ ಚಲನೆ (ತಿರುಗುವ ವಸ್ತುಗಳ ಚಲನೆ), ಇವು ಮೂರೂ ಸೇರಿ ಅವಳ ಧೈರ್ಯವನ್ನು ಕುಗ್ಗಿಸಿವೆ. ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ. ಆದರೆ ಲೆಕ್ಕ ಎದುರಿಗೆ ಬಂದಾಗ ಶಕ್ತಿಯ ಸೂತ್ರವನ್ನು ಹಿಡಿಯಬೇಕೋ ಸಂವೇಗದ್ದನ್ನೋ ಎಂದು ತಿಳಿಯದೆ ಸುಮ್ಮನೆ ಕೂರುತ್ತಾಳೆ. ಭ್ರಮಣ ಚಲನೆಯಂತೂ ಬೇರೆಯೇ ವಿಷಯವೆಂದು ಅವಳಿಗೆ ಅನಿಸಿಬಿಟ್ಟಿದೆ. ಈ ದಾರಿಯಲ್ಲಿ ನಡೆದವರು ಹೇಗೆ ದಾಟಿದಿರಿ, ಮನೆಯಲ್ಲಿ ನಾನು ಏನು ಮಾಡಬಹುದು ಎಂದು ದಯವಿಟ್ಟು ತಿಳಿಸಿ.

ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ಹಾಸನ ಜಿಲ್ಲೆ

ಪದಗಳಿಂದ ಆರಂಭಿಸುತ್ತೇನೆ, ಏಕೆಂದರೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಎಡವುವುದನ್ನು ನಾನು ಹೆಚ್ಚಾಗಿ ಅಲ್ಲಿಯೇ ಕಂಡಿದ್ದೇನೆ. ‘ಅವನ ತೋಳಿನಲ್ಲಿ ಶಕ್ತಿಯಿದೆ’ ಎನ್ನುವಾಗ ನಾವು ಹೇಳುತ್ತಿರುವುದು ಬಲವನ್ನು. ‘ಈ ಮೋಟಾರಿನ ಶಕ್ತಿ ಸಾಲದು’ ಎನ್ನುವಾಗ ಸಾಮರ್ಥ್ಯವನ್ನು, ಅಂದರೆ ಕೆಲಸ ಮಾಡುವ ದರವನ್ನು. ‘ಊಟವಿಲ್ಲದೆ ನಡೆಯಲು ಶಕ್ತಿಯೇ ಇಲ್ಲ’ ಎನ್ನುವಾಗ ಮಾತ್ರ ಪುಸ್ತಕದ ಶಕ್ತಿಗೆ ಹತ್ತಿರ ಬರುತ್ತೇವೆ. ‘ಅಶ್ವಶಕ್ತಿ’ ಎಂಬ ಪದದಲ್ಲೇ ಶಕ್ತಿಯಿದ್ದರೂ ಅದು ಅಳೆಯುವುದು ಸಾಮರ್ಥ್ಯವನ್ನು. ಐದು ಅಶ್ವಶಕ್ತಿಯ ಪಂಪ್‌ಸೆಟ್ ಎಂದರೆ ಸುಮಾರು 3.73 ಕಿಲೋವ್ಯಾಟ್, ನಷ್ಟಗಳನ್ನು ಬಿಟ್ಟರೆ ಅದು ಒಂದು ಗಂಟೆಯಲ್ಲಿ ಮಾಡುವ ಕೆಲಸ 3.73 ಯೂನಿಟ್, ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ತೋಟವಿರುವ ಮನೆಯ ಮಕ್ಕಳಿಗೆ ಈ ಒಂದು ಲೆಕ್ಕದಿಂದ ಶಕ್ತಿಗೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸ ಶಾಶ್ವತವಾಗಿ ನಿಲ್ಲುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಒಂದು ಬಲ ವಸ್ತುವಿನ ಮೇಲೆ ಎಷ್ಟು ದೂರದವರೆಗೆ ವರ್ತಿಸಿತು ಎಂದು ಕೇಳಿದರೆ ಸಿಗುವ ಉತ್ತರ ಶಕ್ತಿಯ ಬದಲಾವಣೆ. ಅದೇ ಬಲ ಎಷ್ಟು ಹೊತ್ತು ವರ್ತಿಸಿತು ಎಂದು ಕೇಳಿದರೆ ಸಿಗುವುದು ಸಂವೇಗದ (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧದ) ಬದಲಾವಣೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸಿಗೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುವ ಹಾಗೆ ಬ್ರೇಕ್ ಹಾಕಿದರೆ ಅದು ಸುಮಾರು 12 ಮೀಟರ್ ಸಾಗಿ ನಿಲ್ಲುತ್ತದೆ, ಹಿಡಿಯುವ ಸಮಯ 2.2 ಸೆಕೆಂಡ್. ವೇಗ 80 ಆದಾಗ ಸಮಯ 4.4 ಸೆಕೆಂಡಿಗೆ, ಅಂದರೆ ಎರಡು ಪಟ್ಟಿಗೆ, ಏರುತ್ತದೆ. ದೂರ ಮಾತ್ರ 49 ಮೀಟರ್, ನಾಲ್ಕು ಪಟ್ಟು. ಸಮಯ ಸಂವೇಗವನ್ನು ಹಿಂಬಾಲಿಸಿತು, ದೂರ ಚಲನಶಕ್ತಿಯನ್ನು ಹಿಂಬಾಲಿಸಿತು. ಪ್ರಶ್ನೆಯಲ್ಲಿ ದೂರ ಅಥವಾ ಎತ್ತರ ಕಂಡರೆ ಮೊದಲು ಶಕ್ತಿಯತ್ತಲೂ, ಸಮಯ ಅಥವಾ ಡಿಕ್ಕಿ ಕಂಡರೆ ಮೊದಲು ಸಂವೇಗದತ್ತಲೂ ನೋಡುವ ಅಭ್ಯಾಸವನ್ನು ಅವಳು ಮಾಡಿಕೊಳ್ಳಲಿ.

ಗೊಂದಲವಾಯಿತೆಂದು ಅವಳು ತನ್ನನ್ನು ದಡ್ಡಿಯೆಂದುಕೊಳ್ಳದಂತೆ ನೋಡಿಕೊಳ್ಳಿ. ಚಲನೆಯ ನಿಜವಾದ ಅಳತೆ ಯಾವುದು, ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧವೋ, ದ್ರವ್ಯರಾಶಿ ಮತ್ತು ವೇಗದ ವರ್ಗದ ಗುಣಲಬ್ಧವೋ ಎಂಬ ಬಗ್ಗೆ ಯುರೋಪಿನ ವಿದ್ವಾಂಸರೇ ದಶಕಗಳ ಕಾಲ ವಾದ ಮಾಡಿದ್ದಾರೆ. ಡೆಕಾರ್ಟ್‌ನ ಅನುಯಾಯಿಗಳು ಮೊದಲನೆಯದನ್ನು ಹಿಡಿದರು. ಲೈಬ್ನಿಟ್ಸ್ 1686ರಲ್ಲಿ ಎರಡನೆಯದನ್ನು ಮುಂದಿಟ್ಟ. ಡಚ್ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಅವು ಮಾಡುವ ಗುಳಿ ವೇಗದ ವರ್ಗಕ್ಕೆ ಅನುಗುಣವಾಗಿರುವುದನ್ನು ತೋರಿಸಿದ, ಎಮಿಲಿ ದು ಶಾತಲೆ 1740ರ ತನ್ನ ಪುಸ್ತಕದಲ್ಲಿ ಲೈಬ್ನಿಟ್ಸನ ಪಕ್ಷವನ್ನು ಸಮರ್ಥಿಸಿದಳು. ಎರಡೂ ಅಳತೆಗಳು ಬೇಕು, ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಎಂಬುದು ತಿಳಿಯಾಗಲು ಅಷ್ಟು ಕಾಲ ಹಿಡಿಯಿತು.

ಎರಡನ್ನೂ ಒಂದೇ ಲೆಕ್ಕದಲ್ಲಿ ಕಾಣಬೇಕಾದರೆ ಗುಂಡು ಮತ್ತು ಮರದ ದಿಮ್ಮಿಯ ಲೆಕ್ಕವನ್ನು ಮಾಡಿಸಿ. ಬಂದೂಕಿನ ಗುಂಡಿನ ವೇಗವನ್ನು ಅಳೆಯಲು 1742ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ವಿವರಿಸಿದ ವಿಧಾನ ಅದು. (ಈತ 1751ರಲ್ಲಿ ತೀರಿಕೊಂಡದ್ದು ನಮ್ಮ ನೆರೆಯ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ.) ಸೆಕೆಂಡಿಗೆ 300 ಮೀಟರ್ ವೇಗದ 10 ಗ್ರಾಂ ಗುಂಡು, ತೂಗುಹಾಕಿದ 990 ಗ್ರಾಂ ದಿಮ್ಮಿಯೊಳಗೆ ಹೊಕ್ಕು ನಿಲ್ಲುತ್ತದೆ ಎನ್ನೋಣ. ಹೊಕ್ಕುವ ಕ್ಷಣದಲ್ಲಿ ಸಂವೇಗ ಉಳಿಯುತ್ತದೆ, ಆದ್ದರಿಂದ ಎರಡೂ ಸೇರಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೊರಡುತ್ತವೆ. ಆ ಬಳಿಕ ಮೇಲೇರುವಾಗ ಯಾಂತ್ರಿಕ ಶಕ್ತಿ ಉಳಿಯುತ್ತದೆ. ಎತ್ತರ ಸುಮಾರು 46 ಸೆಂಟಿಮೀಟರ್. ಮೊದಲ ಹೆಜ್ಜೆಯಲ್ಲೇ ಶಕ್ತಿ ಉಳಿಯಿತೆಂದು ಹಿಡಿದವರಿಗೆ ಬರುವ ಉತ್ತರ 46 ಮೀಟರ್! ಗುಂಡಿನ 450 ಜೂಲ್‌ಗಳಲ್ಲಿ 445.5 ಜೂಲ್ ಮರವನ್ನು ಸೀಳಿ ಬಿಸಿಮಾಡುವುದರಲ್ಲೇ ಮುಗಿದುಹೋಗಿರುತ್ತದೆ. ಈ ಎರಡು ಉತ್ತರಗಳನ್ನು ಅವಳು ತನ್ನ ಕೈಯಿಂದಲೇ ಪಡೆದು ಅಕ್ಕಪಕ್ಕ ಬರೆದು ನೋಡಲಿ.

ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿ

ನಾನೂ ಹತ್ತನೆಯವರೆಗೆ ಕನ್ನಡದಲ್ಲೇ ಓದಿದವನು, ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇದೇ ಅಧ್ಯಾಯಗಳಲ್ಲಿ ಸೋತವನು. ನನ್ನ ಮುಖ್ಯ ತಪ್ಪು ದಿಕ್ಕನ್ನು ಮರೆಯುವುದಾಗಿತ್ತು. ಶಕ್ತಿಗೆ ದಿಕ್ಕಿಲ್ಲ, ಸಂವೇಗಕ್ಕಿದೆ. ಗೋಡೆಗೆ ಬಡಿದು ಅಷ್ಟೇ ವೇಗದಲ್ಲಿ ಹಿಂದಿರುಗಿದ ಚೆಂಡಿನ ಚಲನಶಕ್ತಿ ಬದಲಾಗಿಲ್ಲ, ಸಂವೇಗ ಮಾತ್ರ ಮೊದಲಿದ್ದ ಪ್ರಮಾಣದ ಎರಡರಷ್ಟು ಬದಲಾಗಿದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು.

ನನಗೆ ಡಿಕ್ಕಿಗಳು ಅರ್ಥವಾದದ್ದು ಕೇರಂ ಬೋರ್ಡಿನ ಮೇಲೆ. ಸ್ಟ್ರೈಕರ್ 15 ಗ್ರಾಂ, ಕಾಯಿ 5 ಗ್ರಾಂ ಎಂದು ಹಿಡಿಯಿರಿ. ನೇರವಾಗಿ ಹೊಡೆದಾಗ, ಶಕ್ತಿ ನಷ್ಟವಾಗದಿದ್ದರೆ, ಸ್ಟ್ರೈಕರ್ ತನ್ನ ವೇಗದ ಅರ್ಧವನ್ನು ಉಳಿಸಿಕೊಂಡು ಕಾಯಿಯ ಹಿಂದೆಯೇ ಮುಂದಕ್ಕೆ ಸಾಗುತ್ತದೆ, ಕಾಯಿ ಸ್ಟ್ರೈಕರಿನ ಮೂಲವೇಗದ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತದೆ. ಈಗ ಹಂಚಿಕೆಯನ್ನು ನೋಡಿ: ಸಂವೇಗ ಎರಡಕ್ಕೂ ಸಮಪಾಲು, ಅರ್ಧ ಅರ್ಧ. ಚಲನಶಕ್ತಿಯಲ್ಲಿ ಮಾತ್ರ ಮುಕ್ಕಾಲು ಪಾಲು ಹಗುರವಾದ ಕಾಯಿಗೆ, ಕಾಲು ಪಾಲು ಸ್ಟ್ರೈಕರಿಗೆ. ಒಂದೇ ಹೊಡೆತದಲ್ಲಿ ಎರಡು ಲೆಕ್ಕಗಳು ಎರಡು ರೀತಿಯಲ್ಲಿ ಹಂಚಿಹೋಗುವುದನ್ನು ಕಂಡ ಮೇಲೆ ಅವೆರಡನ್ನೂ ನಾನು ಮತ್ತೆ ಬೆರೆಸಲಿಲ್ಲ.

ಸಣ್ಣ ಕಾರ್ಖಾನೆ ನಡೆಸುವವರು, ಪೀಣ್ಯ, ಬೆಂಗಳೂರು

ನಾನು ಓದಿದ್ದು ಐಟಿಐ ಮಾತ್ರ, ಆದರೆ ಭ್ರಮಣ ಚಲನೆಯನ್ನು ಪ್ರತಿದಿನ ಕಣ್ಣಾರೆ ನೋಡುತ್ತೇನೆ. ತಗಡಿನಲ್ಲಿ ರಂಧ್ರ ಹೊಡೆಯುವ ಪವರ್ ಪ್ರೆಸ್ಸಿಗೆ ದೊಡ್ಡದೊಂದು ಫ್ಲೈವೀಲ್ ಇರುತ್ತದೆ. ಲೆಕ್ಕಕ್ಕೆ 100 ಕಿಲೋಗ್ರಾಂ ತೂಕದ, 40 ಸೆಂಟಿಮೀಟರ್ ತ್ರಿಜ್ಯದ ಸಮತಟ್ಟಾದ ಚಕ್ರವೊಂದು ನಿಮಿಷಕ್ಕೆ 300 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಅದರ ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವ ಚಲನೆಯಲ್ಲಿ ಜಡತ್ವದ ಅಳತೆ) 8 ಕಿಲೋಗ್ರಾಂ-ಚದರ ಮೀಟರ್, ಅದರಲ್ಲಿ ಸಂಗ್ರಹವಾಗಿರುವ ಶಕ್ತಿ ಸುಮಾರು 3,950 ಜೂಲ್. ಒಂದು ಹೊಡೆತಕ್ಕೆ ಚಕ್ರದ ವೇಗ ನೂರಕ್ಕೆ ಹತ್ತರಷ್ಟು ಇಳಿದರೆ ಶಕ್ತಿ ನೂರಕ್ಕೆ ಹತ್ತೊಂಬತ್ತರಷ್ಟು, ಅಂದರೆ ಸುಮಾರು 750 ಜೂಲ್, ಇಳಿಯುತ್ತದೆ. ಆ ಹೊಡೆತ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮುಗಿಯುವುದರಿಂದ ಆ ಕ್ಷಣದ ಸಾಮರ್ಥ್ಯ ಹತ್ತು ಅಶ್ವಶಕ್ತಿ. ಕಳೆದುಕೊಂಡದ್ದನ್ನು ತುಂಬಿಕೊಡಲು ಮಾತ್ರ ಒಂದು ಅಶ್ವಶಕ್ತಿಯ ಮೋಟಾರಿಗೆ ಒಂದು ಸೆಕೆಂಡ್ ಸಾಕು. ಹೊಡೆತ ಬಿದ್ದಾಗ ಚಕ್ರದ ಸದ್ದು ಒಂದು ಕ್ಷಣ ತಗ್ಗಿ, ಮತ್ತೆ ನಿಧಾನವಾಗಿ ಏರುತ್ತದೆ. ಆ ಏರಿಳಿತದಲ್ಲಿ ಶಕ್ತಿ ಹೋಗಿ ಬರುವುದು ಕಿವಿಗೇ ಕೇಳಿಸುತ್ತದೆ. ಹತ್ತಿರದಲ್ಲಿ ಇಂತಹ ಯಂತ್ರವಿದ್ದರೆ ಒಮ್ಮೆ ಕರೆದುಕೊಂಡು ಹೋಗಿ ದೂರದಿಂದ ತೋರಿಸಿ.

ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಉತ್ತರ ಕನ್ನಡ

ಭ್ರಮಣ ಚಲನೆ ಬೇರೆಯೇ ವಿಷಯವೆಂಬ ಭಾವನೆಯನ್ನು ಬೀಸುವ ಕಲ್ಲಿನಿಂದ ಕಳೆಯಬಹುದು. ಕಲ್ಲಿನ ಗೂಟ ಅಂಚಿನ ಹತ್ತಿರವೇ ಏಕಿರುತ್ತದೆ ಎಂದು ಕೇಳಿ. ಗೂಟವನ್ನು ಅಂಚಿಗೂ ನಡುವಿಗೂ ಮಧ್ಯದಲ್ಲಿ ನೆಟ್ಟರೆ ಅದೇ ಟಾರ್ಕಿಗೆ (ಬಲದ ತಿರುಗಿಸುವ ಪರಿಣಾಮಕ್ಕೆ) ಎರಡರಷ್ಟು ಬಲ ಬೇಕು, ಆದರೆ ಒಂದು ಸುತ್ತಿಗೆ ಕೈ ಸಾಗುವ ದಾರಿ ಅರ್ಧವಾಗುತ್ತದೆ. ಒಂದು ಸುತ್ತಿನ ಕೆಲಸ ಮಾತ್ರ ಎಲ್ಲಿ ಹಿಡಿದರೂ ಒಂದೇ. ಬಲ ಇದ್ದಲ್ಲಿ ಟಾರ್ಕ್, ದೂರ ಇದ್ದಲ್ಲಿ ಕೋನ ಬಂತು, ಕೆಲಸ ಕೆಲಸವಾಗಿಯೇ ಉಳಿಯಿತು.

ಎರಡನೆಯದಾಗಿ, ಒಂದು ಬಳೆ, ಒಂದು ನಾಣ್ಯ, ಒಂದು ಮೀಟರ್ ಉದ್ದದ ಹಲಗೆ ತೆಗೆದುಕೊಳ್ಳಿ. ಹಲಗೆಯ ಒಂದು ತುದಿಯನ್ನು ಎರಡು ಪುಸ್ತಕಗಳ ಮೇಲೆ ಇಟ್ಟು, ಮೇಲಿನಿಂದ ಎರಡನ್ನೂ ಒಟ್ಟಿಗೆ ಉರುಳಿಬಿಡಿ. ನಾಣ್ಯವೇ ಗೆಲ್ಲುತ್ತದೆ, ಬಳೆ ಎಷ್ಟು ದೊಡ್ಡದಾದರೂ, ಎಷ್ಟು ಭಾರವಾದರೂ ಸೋಲುತ್ತದೆ. ಇಬ್ಬರಿಗೂ ಎತ್ತರದಿಂದ ಸಿಗುವುದು ಒಂದೇ ಬಗೆಯ ಪ್ರಚ್ಛನ್ನ ಶಕ್ತಿ, ಆದರೆ ಬಳೆಯ ದ್ರವ್ಯವೆಲ್ಲ ಅಂಚಿನಲ್ಲಿರುವುದರಿಂದ ಅದರ ಅರ್ಧ ಶಕ್ತಿ ತಿರುಗುವುದಕ್ಕೇ ಹೋಗುತ್ತದೆ. ನಾಣ್ಯಕ್ಕೆ ತಿರುಗಲು ಮೂರನೆಯ ಒಂದು ಪಾಲು ಸಾಕು. ಲೆಕ್ಕದ ಪ್ರಕಾರ ನಾಣ್ಯ ನೂರು ಸೆಂಟಿಮೀಟರ್ ಮುಟ್ಟಿದಾಗ ಬಳೆ 75ರಲ್ಲಿರಬೇಕು. ಮಗುವಿಗೆ ಈ 75 ಎಂಬ ಸಂಖ್ಯೆಯನ್ನು ಮೊದಲು ಕಾಗದದ ಮೇಲೆ ಕಂಡುಹಿಡಿಯಲು ಹೇಳಿ, ಆಮೇಲೆ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿ ಉರುಳಿಸಿ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಆ ಗೆರೆಯ ಹತ್ತಿರ ಬಳೆ ಬಂದದ್ದನ್ನು ಕಂಡ ಮಕ್ಕಳ ಮುಖಗಳು ಇಂದಿಗೂ ನೆನಪಿವೆ.

ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಒಂದು ಎಚ್ಚರಿಕೆ. ತಿರುಗುವ ಕುರ್ಚಿಯ ಮೇಲೆ ಕುಳಿತು, ಚಾಚಿದ ಕೈಗಳನ್ನು ಎದೆಗೆ ಸೆಳೆದುಕೊಂಡರೆ ವೇಗ ಹೆಚ್ಚುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಕೋನೀಯ ಸಂವೇಗ ಉಳಿಯಿತು ಎಂಬಲ್ಲಿಗೆ ಉತ್ತರವನ್ನು ನಿಲ್ಲಿಸಬಾರದು. ಮೊಮೆಂಟ್ ಆಫ್ ಇನರ್ಷಿಯಾ ಅರ್ಧವಾದರೆ ಕೋನೀಯ ವೇಗ ಎರಡು ಪಟ್ಟಾಗುತ್ತದೆ, ಚಲನಶಕ್ತಿಯೂ ಎರಡು ಪಟ್ಟಾಗುತ್ತದೆ. ಆ ಹೆಚ್ಚಿನ ಶಕ್ತಿ ಎಲ್ಲಿಂದ ಬಂತೆಂದರೆ, ಕೈಗಳನ್ನು ಒಳಕ್ಕೆ ಎಳೆಯಲು ಸ್ನಾಯುಗಳು ಮಾಡಿದ ಕೆಲಸದಿಂದ. ಎರಡೂ ಕೈಗಳಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಮಾಡಿದರೆ ಆ ಎಳೆತ ತೋಳುಗಳಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಹಲಗೆಯ ಪ್ರಯೋಗ ಮಾಡಿದೆವು. ನಾಣ್ಯ ಮೊದಲೆರಡು ಸಲ ಪಕ್ಕಕ್ಕೆ ಬಿದ್ದಿತು; ಅದರ ಬದಲು ಟಾರ್ಚಿನ ಸೆಲ್ ಉರುಳಿಸಿದಾಗ ಬಳೆ ಪ್ರತಿಸಲವೂ 75ರ ಗೆರೆಯ ಆಸುಪಾಸಿನಲ್ಲೇ ಇತ್ತು. ಗುಂಡಿನ ಲೆಕ್ಕವನ್ನು ಎರಡೂ ರೀತಿಯಲ್ಲಿ ಮಾಡಿ, 46 ಮೀಟರಿನ ಉತ್ತರದ ಸುತ್ತ ಕೆಂಪು ಗೆರೆ ಎಳೆದಿದ್ದಾಳೆ. ಈಗ ಅವಳೇ ಒಂದು ಪ್ರಶ್ನೆ ಕೇಳಿದ್ದಾಳೆ: ಒಂದೇ ತರಹದ ಎರಡು ಬಾಟಲಿಗಳಲ್ಲಿ ಒಂದರಲ್ಲಿ ನೀರು, ಇನ್ನೊಂದರಲ್ಲಿ ಅಷ್ಟೇ ನೀರು ಫ್ರೀಜರಿನಲ್ಲಿ ಗಟ್ಟಿಯಾಗಿ ಮಂಜುಗಡ್ಡೆಯಾಗಿದ್ದರೆ, ಯಾವುದು ಮೊದಲು ಕೆಳಗಿಳಿಯುತ್ತದೆ?

ಉಪನ್ಯಾಸಕಿ, ಹಾಸನ ಜಿಲ್ಲೆ

ಬಹಳ ಒಳ್ಳೆಯ ಪ್ರಶ್ನೆ. ಮಂಜುಗಡ್ಡೆ ಬಾಟಲಿಯೊಂದಿಗೆ ತಾನೂ ತಿರುಗಲೇಬೇಕು. ನೀರು ಬಹುಮಟ್ಟಿಗೆ ತಿರುಗದೆ ಸುಮ್ಮನೆ ಜಾರಿಕೊಂಡು ಸಾಗುತ್ತದೆ. ತಿರುಗುವುದಕ್ಕೆ ಯಾವುದು ಹೆಚ್ಚು ಶಕ್ತಿಯನ್ನು ಕೊಡಬೇಕಾಗುತ್ತದೆ ಎಂದು ಅವಳು ಮೊದಲು ಬರೆದಿಡಲಿ, ಆಮೇಲೆ ಉರುಳಿಸಿ ನೋಡಲಿ. ನೀರನ್ನು ಬಾಟಲಿಯ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಹೆಪ್ಪುಗಟ್ಟುವಾಗ ಉಬ್ಬಿ ಬಾಟಲಿ ಒಡೆಯಬಹುದು. ಗಟ್ಟಿಯಾಗುವಾಗ ಬಾಟಲಿಯನ್ನು ನೇರವಾಗಿ ನಿಲ್ಲಿಸಿಡಿ, ಮಲಗಿಸಿದರೆ ಮಂಜುಗಡ್ಡೆ ಒಂದು ಪಕ್ಕಕ್ಕೆ ಕಟ್ಟಿಕೊಂಡು ನೇರವಾಗಿ ಉರುಳುವುದಿಲ್ಲ.