ನೈರೋಬಿ ವಕೀಲರನ್ನು ಕೇಳಿ: ಕೀನ್ಯಾದ ಸಂವಿಧಾನ ತಿದ್ದೋದು ಹೇಗೆ?

ಮೊಂಬಾಸಾ ಅಂಗಡಿ: ಸರ್, 10 ಲಕ್ಷ ಸಹಿ ಸೇರಿದ್ರೆ ಸಂವಿಧಾನವೇ ಬದಲಾಗುತ್ತೆ ಅಂತ ಒಂದು ಫಾರ್ವರ್ಡ್ ಬಂದಿದೆ. ಲಿಂಕ್‌ನಲ್ಲಿ ಐಡಿ ನಂಬರ್ ಕೇಳ್ತಿದ್ದಾರೆ. ಹಾಕಲಾ?

ವಕೀಲರು: ಹಾಕಬೇಡಿ. 10 ಲಕ್ಷ ಮತದಾರರ ಸಹಿ ಮೊದಲ ಮೆಟ್ಟಿಲು ಅಷ್ಟೇ. ಚುನಾವಣಾ ಆಯೋಗ ಅದನ್ನು ಪರಿಶೀಲಿಸಬೇಕು. 47 ಕೌಂಟಿ ಸಭೆಗಳಲ್ಲಿ 24 ಒಪ್ಪಬೇಕು. ಆಮೇಲೆ ಸಂಸತ್ತು. ಅಧ್ಯಕ್ಷರ ಅವಧಿಯಂಥ ವಿಷಯವಾದರೆ ಜನಮತಗಣನೆಯೂ ಬೇಕು. ನಿಮ್ಮದು ಇಂಡಿಯಾ ಪಾಸ್‌ಪೋರ್ಟ್ ಆದರೆ ಸಹಿ ಲೆಕ್ಕಕ್ಕೇ ಇಲ್ಲ.

ಕಿಸುಮು: ಆಗಿನ ಅಧ್ಯಕ್ಷ ಕೆನ್ಯಾಟ, ವಿರೋಧ ಪಕ್ಷದ ಒಡಿಂಗಾ ಸೇರಿ ತಂದ ಬಿಬಿಐ (ಬಿಲ್ಡಿಂಗ್ ಬ್ರಿಡ್ಜಸ್ ಇನಿಶಿಯೇಟಿವ್) ಅನ್ನೋ ಸಂವಿಧಾನ ತಿದ್ದುಪಡಿಗೂ ಸಹಿ ಸೇರಿಸಿದ್ರಲ್ಲ, ಕೋರ್ಟ್ ಯಾಕೆ ತಡೀತು? ನಮ್ಮ ಎಡನೀರು ಸ್ವಾಮಿಗಳ ಕೇಸ್ ಅಲ್ಲಿ ಬಂತಂತೆ, ನಿಜಾನಾ?

ವಕೀಲರು: ನಿಜ. ಕೇಶವಾನಂದ ಭಾರತಿ ಸ್ವಾಮಿಗಳು ಕೋರ್ಟಿಗೆ ಹೋಗಿದ್ದು ಮಠದ ಜಮೀನಿಗಾಗಿ. 1973ರಲ್ಲಿ ಭಾರತದ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳಲ್ಲಿ 7 ಜನ, ಸಂಸತ್ತು ಏನು ಬೇಕಾದರೂ ತಿದ್ದಲಿ, ಸಂವಿಧಾನದ ಮೂಲ ರಚನೆ ಮುಟ್ಟುವಂತಿಲ್ಲ ಅಂದರು. 2021ರ ಮೇನಲ್ಲಿ ನೈರೋಬಿ ಹೈಕೋರ್ಟ್ ಅದೇ ಮಾತು ಹಿಡಿದು ಬಿಬಿಐಯನ್ನು ರದ್ದು ಮಾಡಿತು. ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟೂ ಹೌದು ಅಂದಿತು. 2022ರ ಮಾರ್ಚ್ 31ಕ್ಕೆ ಇಲ್ಲಿನ ಸುಪ್ರೀಂ ಕೋರ್ಟ್ ಮಾತ್ರ, ಆ ಸಿದ್ಧಾಂತ ಇಲ್ಲಿ ಬೇಡ, 2010ರ ಸಂವಿಧಾನದೊಳಗೇ ಬೇಕಾದಷ್ಟು ಬೀಗ ಇದೆ ಅಂದಿತು. ಆದರೂ ಬಿಬಿಐ ಉಳಿಯಲಿಲ್ಲ! ಸಹಿ ಸಂಗ್ರಹ ಜನಸಾಮಾನ್ಯರ ದಾರಿ. ಅಧ್ಯಕ್ಷರು ಆ ದಾರಿ ಹಿಡಿಯುವಂತಿಲ್ಲ. ಅದೂ ಅಲ್ಲದೆ 70 ಹೊಸ ಕ್ಷೇತ್ರಗಳ ಪಟ್ಟಿಯನ್ನು ಜನರನ್ನು ಕೇಳದೆ ಕೊನೆಗೆ ತುರುಕಿದ್ದರು. ನನಗೆ ಭಯ ಇರೋದು ಇಂಥದ್ದಕ್ಕೇ. 1982ರಲ್ಲಿ ಇಲ್ಲಿನ ಸಂಸತ್ತು 2ಎ ಅನ್ನೋ ಒಂದೇ ಕಲಂ ಸೇರಿಸಿ, ದೇಶಕ್ಕೆ ಒಂದೇ ಪಕ್ಷ ಸಾಕು ಅಂದಿತ್ತು. ಬೀಗ ಬಂದದ್ದು ಸುಮ್ನೆ ಅಲ್ಲ.

ಎಲ್ಡೊರೆಟ್: ಸಂಸತ್ತಲ್ಲಿ ಮೂರನೇ ಒಂದು ಭಾಗ ಹೆಂಗಸರಿಲ್ಲ, ವಿಸರ್ಜಿಸಿ ಅಂತ ಮುಖ್ಯ ನ್ಯಾಯಮೂರ್ತಿ 2020ರಲ್ಲೇ ಹೇಳಿದ್ರಲ್ಲ, ಅದೇನಾಯ್ತು?

ಥೀಕಾ ರಸ್ತೆ: ಇದೆಲ್ಲ ಓದಿದ್ರೆ ಉಂಗಾ (ಜೋಳದ ಹಿಟ್ಟು, ಅಂದ್ರೆ ಮೆಕ್ಕೆಜೋಳದ್ದು) ಪ್ಯಾಕೆಟ್ ಬೆಲೆ ಇಳಿಯುತ್ತಾ? 2024ರ ಜೂನ್‌ನಲ್ಲಿ ತೆರಿಗೆ ಮಸೂದೆ ವಾಪಸ್ ಹೋಗಿದ್ದು ಸಂಸತ್ತಿಗೆ ನುಗ್ಗಿದ ಹುಡುಗರಿಂದ, ಕೋರ್ಟಿಂದ ಅಲ್ಲ.

ಕಿಸುಮು: ಗುಂಡೇಟಿಗೆ ಸತ್ತ ಹುಡುಗರ ಲೆಕ್ಕ ಕೇಳೋಕೆ ಕೊನೆಗೆ ಕೋರ್ಟಿಗೇ ಹೋಗಬೇಕು, ಅಲ್ವಾ?

ಥೀಕಾ ರಸ್ತೆ: ನೀವು ಮನೇಲಿ ಕೂತು ಟಿವಿ ನೋಡಿದವರು.

ಕಿಸುಮು: ನೀವೇನು ಬೀದೀಲಿ ಇದ್ರಾ?

ನಕುರು: ಸಾರ್, ಈ ಸಹಿ ಲಿಂಕ್ ನಿಜಾನಾ?

ವಕೀಲರು: ಮೇಲೆ ಓದಿ.

ರುಯಿರು: ಫಾರ್ವರ್ಡ್: ಇವತ್ತು ರಾತ್ರಿ 12ರೊಳಗೆ ಸಹಿ ಹಾಕಿ...

ವಕೀಲರು: ಇನ್ನೊಂದು ಸಲ ಇದು ಬಂದರೆ ನಾನು ಗುಂಪು ಬಿಡ್ತೀನಿ. ನಿಮ್ಮ ಐಡಿ ಯಾರ ಕೈಗೆ ಹೋಗ್ತಿದೆ ಅಂತ ಒಬ್ಬರಾದರೂ ಕೇಳಿದಿರಾ?

ಮೊಂಬಾಸಾ ಅಂಗಡಿ: ಸರ್, ನಮ್ಮ ಮನೆಯವರು ಬೆಳಿಗ್ಗೆಯೇ ನಂಬರ್ ಹಾಕಿಬಿಟ್ಟಿದ್ದಾರೆ.

ಎಲ್ಡೊರೆಟ್: ನನ್ನ ಪ್ರಶ್ನೆ ಹಾಗೇ ಇದೆ.