ಸೊಂಟದ ಕೀಲು ಬದಲಾದ ಮೇಲೆ ಕುದುರೆ ಹತ್ತುವುದು ಹೇಗೆ?

ಪ್ರಶ್ನೆ:
ಮಾನ್ಯರೇ, ನನಗೆ 54 ವರ್ಷ. ಮೈಸೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಕುದುರೆ ಸವಾರಿ ಮಾಡುತ್ತಿದ್ದೆ. ಸವೆದುಹೋಗಿದ್ದ ಎಡ ಸೊಂಟದ ಕೀಲನ್ನು ಐದು ತಿಂಗಳ ಹಿಂದೆ, ಹಿಂಬದಿಯಿಂದ ಶಸ್ತ್ರಚಿಕಿತ್ಸೆ ಮಾಡಿ, ಪೂರ್ಣವಾಗಿ ಬದಲಾಯಿಸಿದರು. ಈಗ ಕೋಲಿಲ್ಲದೆ ನಡೆಯುತ್ತೇನೆ. ಬೀಳದಂತೆ ನೋಡಿಕೊಂಡರೆ ಸವಾರಿ ಮಾಡಬಹುದೆಂದು ವೈದ್ಯರು ಒಪ್ಪಿದ್ದಾರೆ. ಆದರೆ ಅವರು ಕುದುರೆ ಹತ್ತಿದವರಲ್ಲ. ನನ್ನ ಕುದುರೆ 16 ಹ್ಯಾಂಡ್ಸ್, ಅಂದರೆ 64 ಅಂಗುಲ ಎತ್ತರವಿದೆ. ನೆಲದಿಂದ ಎಡಗಾಲನ್ನು ರಿಕಾಪಿಗೆ (ಸವಾರರು ಪಾದವಿಡುವ ಬಳೆಗೆ) ಏರಿಸುವುದನ್ನು ನೆನೆದರೇ ಹಿಂಜರಿಕೆಯಾಗುತ್ತದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಮೇಡಂ, ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಹಿಂಜರಿಕೆಗೆ ಕಾರಣವಿದೆ. ಹಿಂಬದಿಯಿಂದ ಶಸ್ತ್ರಚಿಕಿತ್ಸೆಯಾದವರಿಗೆ ತೊಡೆಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬೇಡಿ, ಕಾಲನ್ನು ಒಳಕ್ಕೆ ತಿರುಗಿಸಬೇಡಿ ಎಂದು ಮೊದಲ ತಿಂಗಳುಗಳಲ್ಲಿ ಎಚ್ಚರಿಸುವುದು ಕೀಲು ಜಾರದಿರಲೆಂದು. ನೆಲದಿಂದ ಎಡಗಾಲಿಟ್ಟು, ಮುಂದಕ್ಕೆ ಬಾಗಿ, ಮೈಯನ್ನು ಮೇಲೆಳೆದುಕೊಳ್ಳುವಾಗ ಈ ಎರಡೂ ಒಟ್ಟಿಗೆ ಆಗಿಬಿಡಬಹುದು. ತಡಿಯ (ಜೀನಿನ) ಮೇಲೆ ಕುಳಿತಿರುವುದು ಅದಕ್ಕಿಂತ ಎಷ್ಟೋ ಸುಲಭ. ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ: ಎಡಗಾಲೊಂದರ ಮೇಲೆ ಮೂವತ್ತು ಸೆಕೆಂಡು ನಿಂತಾಗ ಸೊಂಟದ ಬಲಭಾಗ ಕೆಳಗೆ ವಾಲಿದರೆ, ಪೃಷ್ಠದ ಪಕ್ಕದ ಸ್ನಾಯು ಇನ್ನೂ ಬಲಗೊಂಡಿಲ್ಲವೆಂದು ತಿಳಿಯಿರಿ, ಆಗ ಸವಾರಿ ಕಾಯಲಿ.

ಎರಡನೆಯ ಉತ್ತರ:
ನನಗೂ ಎಡ ಸೊಂಟವೇ ಬದಲಾಗಿದೆ, ಮೂರು ವರ್ಷವಾಯಿತು. ನಾನು ಎತ್ತರದ ಕಟ್ಟೆಯ ಮೇಲೆ ನಿಂತು ಬಲಬದಿಯಿಂದ ಹತ್ತುತ್ತೇನೆ: ಬಲಗಾಲು ರಿಕಾಪಿನಲ್ಲಿ ಭಾರ ಹೊರುತ್ತದೆ, ಎಡಗಾಲು ಹಿಂದಕ್ಕೆ ಚಾಚಿ ಆಚೆ ದಾಟುತ್ತದೆ, ತೊಡೆ ಮಡಿಯುವುದೇ ಇಲ್ಲ. ಎಡದಿಂದ ಹತ್ತುವುದು ಎಡಸೊಂಟದಲ್ಲಿ ಖಡ್ಗ ಕಟ್ಟುತ್ತಿದ್ದವರ ರೂಢಿಯಂತೆ. ನಮ್ಮ ಸೊಂಟದಲ್ಲಿರುವುದು ಬೇರೆ ಲೋಹ. ಆದರೆ ಬಲಬದಿಗೆ ಒಗ್ಗದ ಕುದುರೆ ಬೆದರುತ್ತದೆ, ಆದ್ದರಿಂದ ಹಗುರವಾದ ಬೇರೆ ಸವಾರರಿಂದ ಮೊದಲೇ ಪಳಗಿಸಿ. ಇಳಿಯುವಾಗಲೂ ಕಟ್ಟೆಯ ಮೇಲೆಯೇ ಇಳಿಯಿರಿ, ನೆಲಕ್ಕೆ ಧುಮುಕಬೇಡಿ. ನೆರವು ಪಡೆಯಲು ಸಂಕೋಚ ಬೇಡ: 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್‌ನಲ್ಲಿ (ಕುದುರೆಯನ್ನು ನಿಗದಿತ ಹೆಜ್ಜೆಗಳಲ್ಲಿ ನಡೆಸುವ ಸ್ಪರ್ಧೆಯಲ್ಲಿ) ಬೆಳ್ಳಿ ಗೆದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ ಪೋಲಿಯೊದಿಂದಾಗಿ ಮೊಣಕಾಲಿನ ಕೆಳಗೆ ಬಲವಿರಲಿಲ್ಲ, ಹತ್ತಿಳಿಯಲು ಇತರರ ಕೈಯೇ ಬೇಕಿತ್ತು.

ಮೂರನೆಯ ಉತ್ತರ:
ಹತ್ತುವುದು ಸರಿ, ಬೀಳುವ ಮಾತನ್ನು ಇಬ್ಬರೂ ಎತ್ತಿಲ್ಲ. ಬಿದ್ದರೆ ಹೊಸ ಕೀಲಿನ, ಮೂಳೆಯೊಳಗೆ ಕೂರಿಸಿದ ಲೋಹದ ಕಾಂಡದ ಸುತ್ತಲಿನ ತೊಡೆಮೂಳೆಯೇ ಮುರಿಯಬಹುದು, ಅದನ್ನು ಸರಿಪಡಿಸುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ಕಠಿಣ. ಹಾಗಾಗಿ ನನ್ನ ಸಲಹೆ ಕುದುರೆಯನ್ನೇ ಬದಲಾಯಿಸಿ ಎಂಬುದು. ಮೈ ಅಗಲವಿಲ್ಲದ, ವಯಸ್ಸಾದ, ಸದ್ದಿಗೆ ಬೆಚ್ಚದ ಕುದುರೆಯಾದರೆ ತೊಡೆಗಳನ್ನು ಹೆಚ್ಚು ಅಗಲಿಸಬೇಕಾಗಿಲ್ಲ. ಮೊದಲ ವಾರಗಳಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವವರು) ಲಗಾಮು ಹಿಡಿದಿರಲಿ, ನಡಿಗೆ ಮಾತ್ರ ಸಾಕು. ಟ್ರಾಟ್ (ಕುದುರೆಯ ಕುಲುಕು ಓಟ) ಆಮೇಲೆ, ಜಿಗಿತವನ್ನು ಮರೆತುಬಿಡಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಒಂಟಿಕಾಲಿನ ಪರೀಕ್ಷೆಯಲ್ಲಿ ಹನ್ನೆರಡನೆಯ ಸೆಕೆಂಡಿಗೇ ಸೊಂಟ ವಾಲಿತು, ಆದ್ದರಿಂದ ಸವಾರಿಯನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಅಷ್ಟರಲ್ಲಿ ನನ್ನ ಸೈಸ್ ಕುದುರೆಗೆ ಬಲಬದಿಯನ್ನು ರೂಢಿ ಮಾಡಿಸುತ್ತಾರೆ. ಎರಡೂವರೆ ಅಡಿಯ ಕಟ್ಟೆಗೆ ಬಡಗಿಗೆ ಹೇಳಿಯಾಗಿದೆ. ಕುದುರೆ ಬದಲಾಯಿಸುವ ವಿಷಯದಲ್ಲಿ ಮಾತ್ರ ಮನಸ್ಸು ಇನ್ನೂ ಒಪ್ಪುತ್ತಿಲ್ಲ.