ಬೆಲ್ ಪ್ರಯೋಗ ಯಾರನ್ನು ಗೆಲ್ಲಿಸಿತು?

ಮಣಿಪಾಲದ ಹುಡುಗಿ: ಜೋಡಿ ಕಣಗಳ ಬೆಲ್ ಪ್ರಯೋಗಕ್ಕೆ ಆಸ್ಪೆ, ಕ್ಲೌಸರ್, ಸೈಲಿಂಗರ್ ಅವರಿಗೆ 2022ರ ಭೌತಶಾಸ್ತ್ರದ ನೊಬೆಲ್ ಬಂತಲ್ಲ, ಅಲ್ಲಿಗೆ ಅಳೆಯುವ ಮೊದಲು ಕಣಕ್ಕೆ ನಿಶ್ಚಿತ ಉತ್ತರವೇ ಇಲ್ಲ ಅನ್ನುವ ಬೋರ್ ಅವರ ಕೋಪನ್‌ಹೇಗನ್ ವ್ಯಾಖ್ಯಾನವೇ ಸರಿ ಅಂತ ಆಯಿತು ಅಲ್ವಾ? ನಿನ್ನೆ ಕ್ಲಾಸಿನಲ್ಲಿ ನಾನು ಹಾಗೇ ವಾದ ಮಾಡಿದೆ.

ಬ್ರಹ್ಮಾವರದ ಮಾಸ್ಟ್ರು: ಇಲ್ಲಮ್ಮ. ಜೋಡಿ ಕಣಗಳು ಹೊರಡುವಾಗಲೇ ಉತ್ತರದ ಚೀಟಿ ಕಿಸೆಯಲ್ಲಿಟ್ಟುಕೊಂಡು ಹೋಗುತ್ತವೆ, ಇಲ್ಲಿಯ ಅಳತೆ ಅಲ್ಲಿಗೆ ತಟ್ಟುವುದಿಲ್ಲ ಅಂತಿಟ್ಟುಕೋ. ಆಗ ಅವುಗಳ ಹೊಂದಾಣಿಕೆಯ ಲೆಕ್ಕ 2 ದಾಟಬಾರದು. 1964ರಲ್ಲಿ ಬೆಲ್ ಹಾಕಿದ ದಾರಿ ಇದು. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನವರು 1.3 ಕಿ.ಮೀ. ದೂರದ ಎರಡು ವಜ್ರಗಳೊಳಗಿನ ಎಲೆಕ್ಟ್ರಾನ್‌ಗಳನ್ನು ಅಳೆದರು, 2.42 ಬಂತು. ಬಿದ್ದದ್ದು ಕಿಸೆಯ ಚೀಟಿ ಮಾತ್ರ. ಕಣಕ್ಕೆ ಯಾವಾಗಲೂ ಒಂದು ಜಾಗ ಉಂಟು, ಒಂದು ಅಲೆ ಅದಕ್ಕೆ ದಾರಿ ತೋರಿಸುತ್ತದೆ ಅಂತ ಬೋಮ್ 1952ರಲ್ಲಿ ಹೇಳಿದ್ದು ಹಾಗೇ ಉಂಟು, ಅದರಲ್ಲಿ ದೂರದ ಪ್ರಭಾವ ಮೊದಲೇ ಇತ್ತು. ಅಳತೆಯ ಎಲ್ಲ ಉತ್ತರಗಳೂ ಬೇರೆ ಬೇರೆ ಲೋಕಗಳಲ್ಲಿ ನಡೆಯುತ್ತವೆ ಅನ್ನುವ ಎವೆರೆಟ್‌ನ ಬಹುಲೋಕಕ್ಕೂ ಪೆಟ್ಟಿಲ್ಲ.

ಸುರತ್ಕಲ್ ಇಂಜಿನಿಯರ್: ಆ 2.42ರಲ್ಲಿ ±0.20 ದೋಷ ಉಂಟು, ಅಳೆದದ್ದು ಬರೀ 245 ಸಲ. ಇಷ್ಟನ್ನು ನಂಬಿ ಮಾತಾಡುವುದಾ ಮಾರಾಯ್ರೆ?

ಬ್ರಹ್ಮಾವರದ ಮಾಸ್ಟ್ರು: ಸರಿಯಾದ ಪ್ರಶ್ನೆ. ಅದೊಂದನ್ನೇ ನಂಬಬೇಕಾಗಿಲ್ಲ. ಅದೇ ವರ್ಷ ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನವರು ಫೋಟಾನ್‌ಗಳಲ್ಲಿ, ಅಂದರೆ ಬೆಳಕಿನ ಕಣಗಳಲ್ಲಿ, ಮಾಡಿದರು. ಅಲ್ಲಿಯ ಅಂಕಿಅಂಶ ತುಂಬಾ ಗಟ್ಟಿ.

ಸುರತ್ಕಲ್ ಇಂಜಿನಿಯರ್: ಒಪ್ಪಿದೆ. ಆದರೆ ಬೋಮ್, ಎವೆರೆಟ್ ಹಾಗೆ ಉಳಿದವರ ಲೆಕ್ಕವೆಲ್ಲ ಒಂದೇ ಉತ್ತರ ಕೊಡುವುದಾದರೆ ಇದು ಬರೀ ತತ್ವಶಾಸ್ತ್ರ ಅಲ್ವಾ?

ಮಣಿಪಾಲದ ಹುಡುಗಿ: ಮೊನ್ನೆ ಕರೆಂಟ್ ಹೋದಾಗ ಲೇಸರ್ ಎದುರು ನನ್ನದೇ ಒಂದು ಕೂದಲೆಳೆ ಹಿಡಿದೆ. ಗೋಡೆಯಲ್ಲಿ ಕಂಡದ್ದು ಬರೀ ಒಂದು ನೆರಳಲ್ಲ, ಎರಡೂ ಬದಿಗೆ ಕೆಂಪು-ಕಪ್ಪು ಪಟ್ಟೆಗಳ ಸಾಲು. ಬೋಮ್, ಎವೆರೆಟ್, ಬೋರ್ ಮೂವರ ಲೆಕ್ಕದಲ್ಲೂ ಇದೇ ಪಟ್ಟೆ ಬರುತ್ತದಲ್ಲ ಸರ್. ಮತ್ತೆ ಆರಿಸುವುದು ಹೇಗೆ?

ಬ್ರಹ್ಮಾವರದ ಮಾಸ್ಟ್ರು: ಆ ಮೂವರ ನಡುವೆ ಪಟ್ಟೆ ತೀರ್ಪು ಕೊಡುವುದಿಲ್ಲ. ಆದರೆ ನಾಲ್ಕನೆಯವರೂ ಇದ್ದಾರೆ. ಗಿರಾರ್ಡಿ, ರಿಮಿನಿ, ವೆಬರ್ 1986ರಲ್ಲಿ ಕ್ವಾಂಟಂ ಸಮೀಕರಣವನ್ನೇ ತಿದ್ದಿದರು: ವಸ್ತು ದೊಡ್ಡದಾದಷ್ಟೂ ಹರಡಿಕೊಂಡಿರುವ ಅದರ ಅಲೆ ತಾನಾಗಿ ಬೇಗ ಒಂದೇ ಜಾಗಕ್ಕೆ ಕುಸಿಯುತ್ತದೆ, ಪಟ್ಟೆ ಅಳಿಸಿಹೋಗುತ್ತದೆ. ಇದನ್ನು ಪರೀಕ್ಷಿಸಬಹುದು! ವಿಯೆನ್ನಾದವರು 2019ರಲ್ಲಿ ಸುಮಾರು 2000 ಪರಮಾಣುಗಳ ಅಣುವಿನಲ್ಲೂ ಪಟ್ಟೆ ತೋರಿಸಿದರು. ಗುರುತ್ವದಿಂದ ಅಲೆ ಕುಸಿಯುತ್ತದೆ ಅನ್ನುವ ಡಿಯೋಶಿ-ಪೆನ್ರೋಸ್ ವಿಚಾರದ ತೀರಾ ಸರಳ ರೂಪ ನಿಜವಾಗಿದ್ದರೆ ಮಂದ ವಿಕಿರಣ ಹೊಮ್ಮಬೇಕಿತ್ತು. ಇಟಲಿಯ ಗ್ರಾನ್ ಸಾಸ್ಸೋ ಬೆಟ್ಟದಡಿ ಹುಡುಕಿದರು, ಸಿಗಲಿಲ್ಲ, ಆ ರೂಪ ಬಿತ್ತು. ಇದನ್ನು ಬರೀ ತತ್ವಶಾಸ್ತ್ರ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಸುರತ್ಕಲ್ ಇಂಜಿನಿಯರ್: ಆ ಮಾತು ವಾಪಸ್ ತೆಗೆದುಕೊಂಡೆ ಮಾಸ್ಟ್ರೇ. ಹಾಗಾದರೆ 2000 ಪರಮಾಣುಗಳಿಗೆ ಆ 1986ರವರೂ ಸೋತರಾ?

ಬ್ರಹ್ಮಾವರದ ಮಾಸ್ಟ್ರು: ಇಲ್ಲ, ಅವರ ಮೂಲ ಲೆಕ್ಕಕ್ಕೆ ಆ ಅಣು ಇನ್ನೂ ತೀರಾ ಹಗುರ.